ಟೆಂಚಾ ನಿದ್ದೆಹೋದ ಶುಕ್ರವಾರ

ನನ್ನ ಅತ್ತಿಗೆಯ ಹೆಸರು ಓರ್ತೆನ್ಸಿಯಾ. ಆದರೆ ಊರಿನಲ್ಲಿ ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಅವಳು ಟೆಂಚಾ. ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾಳೆ. ಹದಿನಾಲ್ಕು ಕೋಣೆ, ಎರಡು ಯಂತ್ರ, ಹಿತ್ತಲಲ್ಲಿ ನಾಲ್ಕು ಸಾಲು ತಂತಿ. ನಮ್ಮ ಕಡೆಯ ಗಾಳಿಯಲ್ಲಿ ಪಸೆಯೇ ಇಲ್ಲ. ಕೊನೆಯ ಹೊದಿಕೆಯನ್ನು ತಂತಿಗೆ ಹಾಕುವ ಹೊತ್ತಿಗೆ ಮೊದಲನೆಯದು ಒಣಗಿ ಸರಸರ ಸದ್ದು ಮಾಡುತ್ತಿರುತ್ತದೆ.

ಆ ಮೋಟೆಲಿಗೆ ಬಂದು ಇಳಿಯುವವರೆಲ್ಲ ಹನ್ನೆರಡು ಮೈಲಿ ಆಚೆಯ ಕೆಂಪು ಕಣಿವೆಯಲ್ಲಿ ನಡೆಯಲು ಬರುವವರು. ಮಾರ್ಚ್ ತಿಂಗಳಲ್ಲಿ ಶಾಲೆಗಳಿಗೆ ವಸಂತದ ರಜೆ ಬಿಟ್ಟಿತೆಂದರೆ ಸಂಸಾರ ಸಂಸಾರವೇ ಬರುತ್ತದೆ. ಸಂಜೆ ದಣಿದು ಬಂದು, ಕಾಲು ತೊಳೆಯದೆ ಹಾಸಿಗೆಗೆ ಬೀಳುತ್ತಾರೆ. ಬೆಳಿಗ್ಗೆ ಟೆಂಚಾ ಆ ಹಾಸಿಗೆ ಬಟ್ಟೆಯನ್ನು ಕೊಡವಿ, ಕಾಲಿನ ಕಡೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

ಒಮ್ಮೆ ನಾನು ಊಟದ ಡಬ್ಬಿ ಕೊಡಲು ಹೋಗಿದ್ದಾಗ ಹೇಳಿದ್ದಳು: "ಒಂಬತ್ತನೇ ಕೋಣೆಯೋರು ಮೇಲಿನ ದಾರೀಲಿ ಹೋಗಿ ಬಂದಿದ್ದಾರೆ, ನೋಡು ಅಂಪಾರೊ. ಇಟ್ಟಿಗೆ ಬಣ್ಣ. ಮೂರನೇ ಕೋಣೆಯೋರು ಸೋಮಾರಿಗಳು, ಹಳ್ಳದಲ್ಲೇ ಕೂತು ಎದ್ದು ಬಂದಿದ್ದಾರೆ. ಬರೀ ಬೂದಿ."

"ನೀನು ಯಾವತ್ತು ನೋಡಿದ್ದೆ ಮೇಲಿನ ದಾರೀನ?"

"ನಾನೆಲ್ಲಿ ನೋಡ್ಲಿ? ಒಗೀತೀನಲ್ಲ, ಗೊತ್ತಾಗುತ್ತೆ."

ನಿಜವಾಗಿಯೂ ಅವಳು ಕಣಿವೆಯ ಒಳಗೆ ಕಾಲಿಟ್ಟವಳಲ್ಲ. ನದಿಯ ಆಚೆಯ ಹಳ್ಳಿಯಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಅಣ್ಣ ಲಿಬ್ರಾದೊನನ್ನು ಮದುವೆಯಾಗಿ ಬಂದವಳು, ಬಂದ ನಾಲ್ಕನೇ ತಿಂಗಳು ಮೋಟೆಲಿನ ಕೆಲಸಕ್ಕೆ ಸೇರಿದಳು. ವಸಂತದಲ್ಲಿ ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಬೇಸಿಗೆಯಲ್ಲಿ ಆ ಬಂಡೆಗಳ ನಡುವೆ ಹಲ್ಲಿಯೂ ಓಡಾಡುವುದಿಲ್ಲ. ಚಳಿಗಾಲದಲ್ಲಿ ಮದುವೆ, ನಾಮಕರಣ, ಯಾರದೋ ಆಸ್ಪತ್ರೆ. ಹಾಗೆ ನೋಡಿದರೆ ನಮ್ಮ ಊರಿನಲ್ಲಿ ಸುಮ್ಮನೆ ನಡೆಯಲೆಂದು ಕಣಿವೆಗೆ ಹೋದವರು ಬೆರಳೆಣಿಕೆಯ ಮಂದಿ. ನಡೆಯುವುದನ್ನು ನಾವು ಕೆಲಸದ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇವೆ.

ಅತಿಥಿಗಳು ಧೂಳನ್ನಷ್ಟೇ ಅಲ್ಲ, ಕಲ್ಲುಗಳನ್ನೂ ಬಿಟ್ಟುಹೋಗುತ್ತಿದ್ದರು. ಕಣಿವೆಯಿಂದ ಕಲ್ಲು ತರಬಾರದೆಂದು ಅಲ್ಲಿನ ಸಂರಕ್ಷಿತ ಉದ್ಯಾನದ ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಆದರೂ ಜನ ಜೇಬಿಗೆ ಹಾಕಿಕೊಳ್ಳುತ್ತಾರೆ. ಊರಿಗೆ ಹೊರಡುವಾಗ ಭಾರವಾಗುತ್ತದೋ, ಮನಸ್ಸು ಚುಚ್ಚುತ್ತದೋ, ಮಂಚದ ಕೆಳಗೆ, ಮೇಜಿನ ಖಾನೆಯಲ್ಲಿ, ಒಂಟಿ ಕಾಲುಚೀಲದೊಳಗೆ ಬಿಟ್ಟು ಹೋಗುತ್ತಾರೆ. ಟೆಂಚಾ ಅವನ್ನೆಲ್ಲ ಒಗೆಯುವ ಕೋಣೆಯ ಮೂಲೆಯಲ್ಲಿ, ಹಂದಿಕೊಬ್ಬಿನ ಹಳೆಯ ಡಬ್ಬದಲ್ಲಿ ಹಾಕಿಡುತ್ತಿದ್ದಳು. ಆ ಉದ್ಯಾನ ಕಾಯುವ ರೇಂಜರ್ ಕ್ರೌಸ್ ಎಂಬಾಕೆ, ನರೆತ ಜಡೆಯ ಎತ್ತರದ ಹೆಂಗಸು, ಒಮ್ಮೆ ಮೋಟೆಲಿಗೆ ಕಾಫಿಗೆ ಬಂದಾಗ ಅದನ್ನು ನೋಡಿ, "ನೀನೇ ಒಂದು ದಿನ ತಂದು ಅದರದರ ಜಾಗಕ್ಕೆ ಹಾಕು, ನನಗೆ ಕೊಟ್ರೆ ನಾನು ಆಫೀಸಿನ ಕಿಟಕೀಲಿ ಇಟ್ಕೊಂಡು ಮರೆತುಬಿಡ್ತೀನಿ" ಎಂದಿದ್ದಳಂತೆ. ಆ ಒಂದು ದಿನ ಬಂದಿರಲಿಲ್ಲ. ಡಬ್ಬ ತುಂಬಿತ್ತು.

ಈ ವರ್ಷ ಜನವರಿಯಲ್ಲಿ ಟೆಂಚಾಳ ತಾಯಿ ತೀರಿಕೊಂಡರು. ಟೆಂಚಾ ನದಿ ದಾಟಿ ಹೋಗಿ, ಮಣ್ಣು ಮಾಡಿ, ಮೂರನೇ ದಿನ ವಾಪಸು ಬಂದಳು, ಮೋಟೆಲಿಗೆ ಒಂದು ಬಸ್ಸಿನಷ್ಟು ಜನ ಬರುವವರಿದ್ದರು. ಅತ್ತಳೇ ಎಂದು ನಾನು ಅಣ್ಣನನ್ನು ಕೇಳಿದೆ. ಇಲ್ಲ ಎಂದ. ಅಂದಿನಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ಮಲಗುತ್ತಾಳೆ, ಗಂಟೆಗೊಮ್ಮೆ ಎದ್ದು ಕೂರುತ್ತಾಳೆ, ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಾಳೆ. ನನ್ನ ಅಮ್ಮ ಚೋನಾ, ಎಪ್ಪತ್ತೆಂಟು ವರ್ಷದಾಕೆ, ಸೊಸೆಗೆ ಕಿತ್ತಳೆ ಎಲೆಯ ಕಷಾಯ ಕುಡಿಸಿದಳು, ದಿಂಬಿನ ಕೆಳಗೆ ಒಣಗಿದ ಪುದೀನ ಇಟ್ಟಳು. ವೈದ್ಯರು ಮಾತ್ರೆ ಕೊಟ್ಟರು. ಅದರಿಂದ ತಲೆನೋವು ಬಂತು, ನಿದ್ದೆ ಬರಲಿಲ್ಲ. ಎರಡು ತಿಂಗಳಲ್ಲಿ ಅವಳ ಮುಖ ಬಿಸಿಲಲ್ಲಿಟ್ಟ ಕಾಗದದ ಹಾಗೆ ಆಗಿತ್ತು. ಮಾತಾಡುತ್ತಿದ್ದಳು, ನಗುತ್ತಿದ್ದಳು, ಆದರೆ ಎಲ್ಲೋ ದೂರದಿಂದ.

ಮಾರ್ಚಿನ ರಜೆಯ ವಾರ, ಗುರುವಾರ ಮಧ್ಯಾಹ್ನ ಮೋಟೆಲಿನ ನೀರಿನ ಪಂಪು ಸುಟ್ಟುಹೋಯಿತು. ಮಾಲೀಕ ಟೀಗ್ ತಲೆಯ ಮೇಲೆ ಕೈ ಹೊತ್ತು, ಅತಿಥಿಗಳನ್ನೆಲ್ಲ ಪಕ್ಕದ ಊರಿಗೆ ಸಾಗಹಾಕಿದ. ಟೆಂಚಾಳಿಗೆ, "ನಾಳೆ ಬರಬೇಡ, ನೀರಿಲ್ಲದೆ ಏನು ಒಗೀತೀಯ" ಎಂದ. ಅವಳು ನಾಲ್ಕು ಗಂಟೆಗೇ ಮನೆಗೆ ಬಂದಳು, ಕೈಯಲ್ಲಿ ಕಲ್ಲಿನ ಡಬ್ಬ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಕುಕ್ಕಿ, "ನಾಳೆ ಕಣಿವೆಗೆ ಹೋಗೋಣ" ಎಂದಳು.

ಎಲ್ಲರೂ ಅವಳ ಮುಖ ನೋಡಿದೆವು. ಶುಕ್ರವಾರ ಅಣ್ಣನಿಗೂ ರಜೆ. ಜಿಲ್ಲೆಯ ಮಣ್ಣುರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸುತ್ತಾನೆ, ವಾರಕ್ಕೆ ನಾಲ್ಕೇ ದಿನ. ನಾನು ಶಾಲೆಯ ಅಡುಗೆಯವಳು, ಶಾಲೆಗೆ ಬೀಗ. ಮಕ್ಕಳಂತೂ ಮನೆಯಲ್ಲೇ ಇದ್ದರು. ಇಪ್ಪತ್ತೆರಡು ವರ್ಷದಲ್ಲಿ ವಸಂತದ ರಜೆಯ ಒಂದು ದಿನ ನಾವೆಲ್ಲ ಒಟ್ಟಿಗೆ ಬಿಡುವಾಗಿದ್ದುದು ಅದೇ ಮೊದಲು.

"ಅಲ್ಲಿ ಏನಿದೆ?" ಎಂದಳು ನೆರೈದಾ. ಅಣ್ಣನ ದೊಡ್ಡ ಮಗಳು, ಹದಿನೈದು ವರ್ಷ. ಗೆಳತಿಯ ಮನೆಯವರು ಸಮುದ್ರಕ್ಕೆ ಹೋಗಿದ್ದರು, ಇವಳನ್ನೂ ಕರೆದಿದ್ದರು. ತಂಗಿಯನ್ನು ಬಿಟ್ಟು ಒಬ್ಬಳೇ ಹೋಗುವುದು ಬೇಡವೆಂದು ಕಳಿಸಿರಲಿಲ್ಲ. ಸೋಮವಾರದಿಂದ ಮುಖ ಊದಿಸಿಕೊಂಡಿದ್ದಳು.

"ಬಂಡೆ ಇದೆ," ಎಂದ ಅಣ್ಣ.

"ಬಂಡೆ ನೋಡೋಕೆ ಕಲ್ಲು ಹೊತ್ಕೊಂಡು ಹೋಗ್ತಿದ್ದೀವಾ?"

"ಹೂಂ. ಬರಿಗೈಲಿ ಹೋಗಬಾರದಲ್ಲ ಯಾರ ಮನೆಗಾದ್ರೂ," ಎಂದಳು ಟೆಂಚಾ. ಅವಳು ತಮಾಷೆ ಮಾಡಿ ಎಷ್ಟು ದಿನವಾಗಿತ್ತೋ. ಅಣ್ಣ ಕೂಡಲೇ ಎದ್ದು ಗಾಡಿಗೆ ಎಣ್ಣೆ ಇದೆಯೇ ನೋಡಲು ಹೋದ.

ಬೆಳಿಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ನಾವು ಮೂವರು ಹೆಂಗಸರು. ಈಸ್ಟರಿನ ಮುಂಚಿನ ಉಪವಾಸದ ಶುಕ್ರವಾರ, ಮಾಂಸ ಮುಟ್ಟುವ ಹಾಗಿಲ್ಲ. ಬೇಯಿಸಿದ ಕಾಳು, ಮೊಟ್ಟೆ, ಪಾಪಸ್ಕಳ್ಳಿಯ ಎಳೆ ಪಟ್ಟೆ ಹುರಿದು, ಬಿಸಿ ರೊಟ್ಟಿಯಲ್ಲಿ ಸುತ್ತಿ, ಬೆಳ್ಳಿಕಾಗದದಲ್ಲಿ ಕಟ್ಟಿದೆವು. ಹಿಂದಿನ ದಿನದ ಬ್ರೆಡ್ಡು, ಬೆಲ್ಲ, ದ್ರಾಕ್ಷಿ, ಚೀಸು ಹಾಕಿ ಮಾಡಿದ ಸಿಹಿಯ ತುಂಡನ್ನು ಅಮ್ಮ ಬಟ್ಟೆಯಲ್ಲಿ ಸುತ್ತಿಕೊಂಡಳು. ಆಮೇಲೆ ತನ್ನ ಕರಿಯ ಶಾಲು ಹೊದ್ದು, ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಳು.

"ಅಮ್ಮ, ನೀನೆಲ್ಲಿಗೆ? ನಿನ್ನ ಮೊಣಕಾಲು..." ಎಂದ ಅಣ್ಣ.

"ಮೊಣಕಾಲು ನಂದು. ಅದರ ಯೋಚನೆ ನಿಂಗ್ಯಾಕೆ?"

"ಅಲ್ಲಿ ನಡೀಬೇಕು."

"ನಡೀತೀನಿ. ಆಗದೆ ಹೋದ್ರೆ ಕೂರ್ತೀನಿ. ಕೂರೋಕೂ ನಿನ್ನ ಅಪ್ಪಣೆ ಬೇಕಾ?"

ಅಣ್ಣ ಒಂದು ಮಡಚುವ ಕುರ್ಚಿಯನ್ನು ಗಾಡಿಗೆ ಹಾಕಿದ.

ಉದ್ಯಾನದ ಬಾಗಿಲಲ್ಲಿ ಹತ್ತಾರು ಊರುಗಳ ಗಾಡಿಗಳು ಸಾಲುಗಟ್ಟಿದ್ದವು. ರೇಂಜರ್ ಕ್ರೌಸ್ ಕಿಟಕಿಯಿಂದ ಬಗ್ಗಿ ನೋಡಿ, ಟೆಂಚಾಳ ತೊಡೆಯ ಮೇಲಿದ್ದ ಡಬ್ಬವನ್ನು ಗುರುತು ಹಿಡಿದಳು. "ಅಂತೂ ಬಂದ್ಯಾ," ಎಂದಳು. "ಸೂರ್ಯ ಮುಳುಗೋ ಹೊತ್ತಿಗೆ ಬಾಗಿಲು ಹಾಕ್ತೀನಿ. ಕೊನೇ ಗಾಡಿ ನಿಮ್ಮದೇ ಆಗಬಾರದು."

"ಮಧ್ಯಾಹ್ನಕ್ಕೇ ಹೊರಟುಬಿಡ್ತೀವಿ," ಎಂದಳು ಟೆಂಚಾ.

ದಾರಿ ಶುರುವಾಗುವುದು ಒಣಹಳ್ಳದ ಬೆಣಚುಗಲ್ಲಿನ ಮೇಲೆ. ಎರಡು ಕಡೆಯೂ ಆಲಮೊ ಮರಗಳು. ಆ ವಾರವಷ್ಟೇ ಚಿಗುರಿದ ಎಲೆಗಳು ಎಷ್ಟು ತೆಳುವಾಗಿದ್ದವೆಂದರೆ ಬೆಳಕು ಅವುಗಳಲ್ಲಿ ನಿಲ್ಲದೆ ಸೋಸಿ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಮುಳ್ಳುಕೋಲಿನ ಪೊದೆಗಳು ಒಂದೊಂದು ಕೋಲಿನ ತುದಿಯಲ್ಲೂ ಕೆಂಪು ಹೂವಿನ ಕುಚ್ಚು ಹಿಡಿದು ನಿಂತಿದ್ದವು. ಎಲ್ಲೋ ಮೇಲೆ ಪುಟ್ಟ ಹಕ್ಕಿಯೊಂದು ಕೂಗುತ್ತಿತ್ತು. ಎತ್ತರದಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಇಳಿದು, ಕೆಳಗೆ ಬಂದು ಸುಮ್ಮನಾಗುವ ಕೂಗು. ಪ್ರತಿಸಲ ಅದು ಮುಗಿದಾಗಲೂ ನಾವು ಆರೂ ಜನ ಇನ್ನೊಂದಕ್ಕೆ ಕಾಯುತ್ತಿದ್ದೆವು.

ಕಲ್ಲಿನ ಡಬ್ಬ ಅಣ್ಣನ ಒಂದು ಕೈಯಲ್ಲಿ, ಕುರ್ಚಿ ಇನ್ನೊಂದರಲ್ಲಿ. ಎದುರಿಗೆ ಬಂದವರು ಡಬ್ಬವನ್ನು ನೋಡಿ ನೀರೋ ತಿಂಡಿಯೋ ಎಂದುಕೊಂಡು ನಗುತ್ತಿದ್ದರು.

"ಜನ ಬುತ್ತಿ ಹೊತ್ಕೊಂಡು ಬೆಟ್ಟಕ್ಕೆ ಬರ್ತಾರೆ," ಎಂದ ಅಣ್ಣ, "ನನ್ನ ಹೆಂಡತಿ ಬೆಟ್ಟಾನೇ ಹೊರಿಸ್ಕೊಂಡು ಬೆಟ್ಟಕ್ಕೆ ಬರ್ತಾಳೆ."

"ದಿನಾ ಯಂತ್ರದ ಮೇಲೆ ಕೂತು ಮಣ್ಣು ತಳ್ಳೋನು, ಒಂದು ದಿನ ಕೈಯಲ್ಲಿ ಹೊರು," ಎಂದಳು ಟೆಂಚಾ.

ಮೊದಲ ತಿರುವಿನಲ್ಲಿ ಅವಳು ನಿಂತಳು. ಬಗ್ಗಿ ನೆಲದ ಧೂಳನ್ನು ಚಿಟಿಕೆಯಲ್ಲಿ ಎತ್ತಿ, ಬೆರಳ ನಡುವೆ ಉಜ್ಜಿ, ಅಂಗೈ ಮೇಲೆ ಹರಡಿ ನೋಡಿದಳು. "ಇದು ಬೂದಿ," ಎಂದಳು. "ಸೋಮಾರಿಗಳ ಜಾಗ." ಡಬ್ಬದಿಂದ ಏಳೆಂಟು ಬೂದುಗಲ್ಲು ಆರಿಸಿ, ಹಳ್ಳದ ದಂಡೆಯಲ್ಲಿ ಒಂದೊಂದಾಗಿ ಇಟ್ಟಳು. ಎಸೆಯಲಿಲ್ಲ, ಹಾಸಿಗೆಯ ಮೇಲೆ ದಿಂಬು ಇಡುವ ಹಾಗೆ ಇಟ್ಟಳು. ಅಲ್ಲಿಂದ ಮುಂದೆ ಅರ್ಧ ಮೈಲಿಗೆ ಬಂಡೆಯ ಬಣ್ಣ ಗುಲಾಬಿಗೆ ತಿರುಗಿತು, ಆಮೇಲೆ ಇಟ್ಟಿಗೆಯ ಕೆಂಪು. ಪ್ರತಿ ಬಾರಿ ಅವಳು ನಮಗಿಂತ ಮೊದಲೇ ಹೇಳುತ್ತಿದ್ದಳು. "ಈಗ ಕೆಂಪು ಬರುತ್ತೆ. ಸ್ವಲ್ಪ ಜಿಗುಟಾಗಿರುತ್ತೆ, ಎರಡು ಸಲ ಒಗೆದ್ರೂ ಹೋಗಲ್ಲ ಅದು." ಗೋಡೆ ತಿರುಗಿದೊಡನೆ ಕೆಂಪು ಬರುತ್ತಿತ್ತು.

ಏಳು ವರ್ಷದ ಪಿಲಿ, ಚಿಕ್ಕವಳು, ಟೆಂಚಾಳ ಹಿಂದೆಯೇ ಓಡುತ್ತ, "ನಿಂಗೆ ಹೇಗೆ ಗೊತ್ತು? ನೀನು ಇಲ್ಲಿಗೆ ಬಂದಿದ್ಯಾ?" ಎಂದು ಪೀಡಿಸಿದಳು.

"ಬಂದಿಲ್ಲ. ಇದೇ ನನ್ನ ಹತ್ರ ಬರ್ತಿತ್ತು."

ನೆರೈದಾ ಫೋನನ್ನು ಜೇಬಿಗೆ ಹಾಕಿದ್ದನ್ನು ನಾನು ಗಮನಿಸಿದೆ. ಸ್ವಲ್ಪ ಹೊತ್ತಿಗೆ ಅವಳೂ ಡಬ್ಬದಿಂದ ಕಲ್ಲು ಆರಿಸಿ, "ಇದು ಇಲ್ಲಿಯದಾ, ಮುಂದಿನದಾ?" ಎಂದು ಕೇಳತೊಡಗಿದಳು.

ಕಣಿವೆ ಕಿರಿದಾಗುತ್ತ ಹೋಯಿತು. ಆಕಾಶ ಮೇಲೆ ಒಂದು ನೀಲಿ ಪಟ್ಟಿಯಷ್ಟೇ ಉಳಿಯಿತು. ಅಲ್ಲಿ ದನಿ ಬೇರೆಯಾಗುತ್ತದೆ. ಮಾತು ಬಾಯಿಂದ ಹೊರಟು ಗೋಡೆ ಮುಟ್ಟಿ, ಇನ್ನಾರದೋ ಮಾತಿನ ಹಾಗೆ ವಾಪಸು ಬರುತ್ತದೆ. ಹಾಗಾಗಿ ನಾವು ಮೆಲ್ಲಗೆ ಮಾತಾಡತೊಡಗಿದೆವು, ಆಮೇಲೆ ಮಾತಾಡುವುದನ್ನೇ ಬಿಟ್ಟೆವು. ಅಮ್ಮ ಮಾತ್ರ ಐವತ್ತು ಹೆಜ್ಜೆಗೊಮ್ಮೆ ಕುರ್ಚಿ ಹಾಕಿಸಿಕೊಂಡು ಕೂತು, ಹಾದು ಹೋಗುವವರಿಗೆಲ್ಲ ತಾನು ಯಾರು, ಎಲ್ಲಿಯವಳು, ಎಷ್ಟು ವಯಸ್ಸು ಎಂದು ಹೇಳುತ್ತಿದ್ದಳು. ಅವರಿಗೆ ಅವಳ ಭಾಷೆ ಬಾರದು, ಅವಳಿಗೆ ಅವರದು ಬಾರದು. ಆದರೂ ಒಬ್ಬಾತ ಅವಳಿಗೆ ಒಂದು ಹಿಡಿ ಬಾದಾಮಿ ಕೊಟ್ಟು ಹೋದ.

ಹನ್ನೆರಡೂವರೆಗೆ ಒಂದು ಬಾಗಿದ ಗೋಡೆಯ ನೆರಳಲ್ಲಿ ಕೂತು ಊಟ ಮಾಡಿದೆವು. ರೊಟ್ಟಿ ಇನ್ನೂ ಬೆಚ್ಚಗಿತ್ತು. ಆರು ಕಟ್ಟುಗಳಲ್ಲಿ ನಾಲ್ಕು ಮುಗಿದವು. ಟೆಂಚಾ ತನ್ನದನ್ನು ಬಿಚ್ಚಲೇ ಇಲ್ಲ, ಅಣ್ಣ ಅವಳನ್ನು ನೋಡಿ ತನ್ನದನ್ನೂ ಅರ್ಧಕ್ಕೆ ಬಿಟ್ಟ. ಡಬ್ಬದಲ್ಲಿ ಒಂದೇ ಕಲ್ಲು ಉಳಿದಿತ್ತು. ಕರಿಯ, ಮೊಟ್ಟೆಯಷ್ಟು ನುಣುಪು. ಅವಳು ಅದನ್ನು ಕೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದಳು.

"ಈ ಬಣ್ಣದ ಧೂಳು ನಾನು ನೋಡೇ ಇಲ್ಲ."

"ಇಲ್ಲೇ ಇಟ್ಟುಬಿಡು," ಎಂದ ಅಣ್ಣ. "ಅದೇನು ದೂರು ಕೊಡುತ್ತಾ?"

"ಆ ಸಂದೀಲಿ ಸ್ವಲ್ಪ ಮೇಲೆ ನೋಡ್ಕೊಂಡು ಬರ್ತೀನಿ. ಹತ್ತು ನಿಮಿಷ."

ಗೋಡೆಯಲ್ಲಿ ಒಂದು ಸೀಳು ಇತ್ತು. ದೊಡ್ಡ ಕಣಿವೆಗೆ ಬಂದು ಸೇರುವ ಮರಿಕಣಿವೆ. ಟೆಂಚಾ ಅದರೊಳಗೆ ಹೋದದ್ದನ್ನು ನೋಡಿದೆವು. ಅವಳ ನೀಲಿ ಅಂಗಿ ಒಂದು ತಿರುವಿನಲ್ಲಿ ಮರೆಯಾಯಿತು.

ಹತ್ತು ನಿಮಿಷ ಇಪ್ಪತ್ತಾಯಿತು. ಅರ್ಧ ಗಂಟೆಯಾಯಿತು. ಪಿಲಿ ಎರಡು ಸಲ ಕೂಗಿದಳು. ಅವಳ ದನಿಯೇ ಅವಳನ್ನು ತಿರುಗಿ ಕರೆಯಿತು. ಅಣ್ಣ ಎದ್ದ. ಅವನ ಮುಖದಲ್ಲಿ ನನಗೆ ಕಂಡದ್ದು ಬರೀ ಗಾಬರಿಯಲ್ಲ, ಎರಡು ತಿಂಗಳಿಂದ ಅವನು ನುಂಗಿಕೊಂಡಿದ್ದ ಏನೋ ಇತ್ತು ಅದರಲ್ಲಿ. "ನೀವು ಇಲ್ಲೇ ಇರಿ" ಎಂದ. ಯಾರೂ ಅಲ್ಲಿ ನಿಲ್ಲಲಿಲ್ಲ. ಅಮ್ಮ ಕೂಡ ಊರುಗೋಲನ್ನು ಬಂಡೆಗೆ ಕುಟ್ಟುತ್ತ ಹಿಂದೆ ಬಂದಳು.

ಮರಿಕಣಿವೆಯ ಕೊನೆಯಲ್ಲಿ ದಾರಿ ಮುಗಿದು ಬಂಡೆಯಲ್ಲೊಂದು ಕುಣಿ ಇತ್ತು, ಅದರಲ್ಲಿ ಯಾವಾಗಿನದೋ ಮಳೆಯ ನೀರು ನಿಂತು ಕೊಳವಾಗಿತ್ತು. ನೀರು ಕದಲದೆ ಹಸಿರು ಗಾಜಿನ ಹಾಗಿತ್ತು. ಅದರ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಟೆಂಚಾ ಮಲಗಿದ್ದಳು.

ಬಿದ್ದುಬಿಟ್ಟಿದ್ದಾಳೆ ಎಂದುಕೊಂಡೆ. ಆಮೇಲೆ ಅವಳ ಚಪ್ಪಲಿಗಳು ಕಂಡವು. ಒಂದರ ಪಕ್ಕ ಒಂದು, ಮಂಚದ ಕೆಳಗೆ ಬಿಟ್ಟಂತೆ ನೀಟಾಗಿ ಜೋಡಿಸಿದ್ದವು. ಅವಳು ಮಗ್ಗುಲಾಗಿ, ಕೆನ್ನೆಯ ಕೆಳಗೆ ಕೈಯಿಟ್ಟು, ಮೊಣಕಾಲು ಮಡಚಿಕೊಂಡಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ.

ಪಿಲಿ ಓಡಲು ಹೊರಟಳು. ಅಣ್ಣ ಅವಳ ತೋಳು ಹಿಡಿದ. ಇನ್ನೊಂದು ಕೈಯನ್ನು ನಮ್ಮೆಲ್ಲರ ಕಡೆಗೆ ಎತ್ತಿದ, ರಸ್ತೆಯಲ್ಲಿ ಗಾಡಿ ನಿಲ್ಲಿಸುವವನಂತೆ.

"ಎಬ್ಬಿಸಬೇಡಿ," ಎಂದ, ತುಟಿಯಲ್ಲಷ್ಟೇ.

ನಾವು ಅಲ್ಲಲ್ಲೇ ಕೂತೆವು. ಮೊದಲು ಹದಿನೈದು ನಿಮಿಷ ಎಂದುಕೊಂಡೆವು. ಆಮೇಲೆ ಅರ್ಧ ಗಂಟೆ. ಆಮೇಲೆ ಯಾರೂ ಗಡಿಯಾರ ನೋಡಲಿಲ್ಲ. ಅಣ್ಣ ಬಂಡೆಗೆ ಒರಗಿ, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಹೆಂಡತಿಯ ಉಸಿರು ಏರಿಳಿಯುವುದನ್ನೇ ನೋಡುತ್ತಿದ್ದ. ಅಮ್ಮ ಶಾಲಿನೊಳಗೆ ಜಪಮಣಿ ಎಣಿಸುತ್ತಿದ್ದಳು, ಮಣಿಗೆ ಮಣಿ ತಾಗದಂತೆ.

ಗಾಳಿ ಸುಳಿದಾಗಲೆಲ್ಲ ಕೊಳದ ನೀರಿನಿಂದ ಬೆಳಕು ಎದ್ದು ಗೋಡೆಯ ಮೇಲೆ ಓಡಾಡುತ್ತಿತ್ತು, ಮೇಲಕ್ಕೆ ಹೋಗುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಕೂಡುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೂ ಮಂಪರು ಹತ್ತಿತು. ಎಚ್ಚರವೋ ಕನಸೋ ತಿಳಿಯದ ಆ ಹೊತ್ತಿನಲ್ಲಿ, ನಾವೆಲ್ಲ ನೀರಿನ ಕೆಳಗೆ ಕೂತಿರುವಂತೆ, ಮೇಲಿನ ನೀಲಿ ಪಟ್ಟಿಯೇ ನದಿಯಾಗಿ ನಮ್ಮ ತಲೆಯ ಮೇಲೆ ಹರಿಯುತ್ತಿರುವಂತೆ ಅನಿಸಿತು. ನದಿಯ ಆ ದಡದಲ್ಲಿ ಯಾರೋ ನಡೆದು ಹೋಗುತ್ತಿದ್ದರು. ಯಾರೆಂದು ನೋಡಲು ನಾನು ಆತುರಪಡಲಿಲ್ಲ.

ಗುಳುಂ ಎಂದಿತು. ಬೆಚ್ಚಿ ಕಣ್ಣು ಬಿಟ್ಟೆ. ಪಿಲಿ ಕೊಳದ ಅಂಚಿನಲ್ಲಿ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಟೆಂಚಾಳ ಪಕ್ಕದಲ್ಲಿದ್ದ ಆ ಕರಿಯ ಕಲ್ಲನ್ನು ನೀರಿಗೆ ಹಾಕಿಬಿಟ್ಟಿದ್ದಳು. ಐವರೂ ಉಸಿರು ಬಿಗಿಹಿಡಿದೆವು. ಟೆಂಚಾ ತುಟಿ ಚಪ್ಪರಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿ, ಮೊದಲಿಗಿಂತ ಗಟ್ಟಿಯಾಗಿ ಗೊರಕೆ ಹೊಡೆದಳು.

ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದು ಕೇಳಿತು. ಒಂದು ಸಂಸಾರ, ಗಂಡ ಹೆಂಡತಿ ಮೂರು ಮಕ್ಕಳು, ದೊಡ್ಡ ಬೂಟುಗಳಲ್ಲಿ ಕಲ್ಲು ತುಳಿಯುತ್ತ ಕೊಳ ನೋಡಲು ಬಂದರು. ಅಣ್ಣ ಮತ್ತೆ ಕೈ ಎತ್ತಿದ. ಆ ಹೆಂಗಸು ನಿಂತು, ಮಲಗಿದವಳನ್ನು ದಿಟ್ಟಿಸಿ, ಗಂಡನ ಕಿವಿಯಲ್ಲಿ ಏನೋ ಹೇಳಿದಳು.

ಅದನ್ನು ಕೇಳಿಸಿಕೊಂಡ ನೆರೈದಾ ನನ್ನ ಹತ್ತಿರ ಸರಿದು, "ಮೋಟೆಲಿನೋರು. ನಿನ್ನೆ ಪಂಪು ಕೆಟ್ಟು ಹೋದ್ರಲ್ಲ, ಅವ್ರು. ಅಮ್ಮನ್ನ ಗುರುತು ಹಿಡಿದ್ರು," ಎಂದು ಪಿಸುಗುಟ್ಟಿದಳು. ಅವಳ ಕಿವಿ ಕೆಂಪಾಗಿತ್ತು. ತನ್ನ ಅಮ್ಮನನ್ನು ಹೀಗೆ ಬಾಯಿ ತೆರೆದು ಮಲಗಿದ ಸ್ಥಿತಿಯಲ್ಲಿ ಪರರು ನೋಡುವುದು ಅವಳಿಗೆ ಕಷ್ಟವಾಯಿತೆಂದು ಕಾಣುತ್ತದೆ.

ಆ ಹೆಂಗಸು ಬಗ್ಗಿ ಬೂಟಿನ ದಾರ ಬಿಚ್ಚಿದಳು. ಗಂಡನೂ ಬಿಚ್ಚಿದ. ಮಕ್ಕಳಿಗೂ ಬಿಚ್ಚಿಸಿದಳು. ಐದು ಜನ ಬೂಟು ಕೈಯಲ್ಲಿ ಹಿಡಿದು, ಕಾಲುಚೀಲದಲ್ಲಿ ತುದಿಗಾಲ ಮೇಲೆ ಕೊಳದವರೆಗೆ ಹೋಗಿ, ನೀರು ನೋಡಿ, ತುದಿಗಾಲಲ್ಲೇ ವಾಪಸು ಹೋದರು. ಕೊನೆಯ ಹುಡುಗಿ ತಿರುವಿನಲ್ಲಿ ಪಿಲಿಗೆ ಕೈ ಬೀಸಿದಳು.

ಅವರು ಹೋದ ಮೇಲೆ ನೆರೈದಾ ಬಹಳ ಹೊತ್ತು ನೆಲ ನೋಡುತ್ತಿದ್ದಳು. ಬಿಸಿಲು ಗೋಡೆಯಿಂದ ಇಳಿದು ಟೆಂಚಾಳ ಕಾಲಿಗೆ ಬಂದಿತ್ತು, ಸೊಂಟಕ್ಕೆ ಏರಿತು. ಮುಖಕ್ಕೆ ಬರುವ ಮೊದಲು ನೆರೈದಾ ಎದ್ದು, ಅಜ್ಜಿಯ ಶಾಲನ್ನು ಕೇಳಿ ತೆಗೆದುಕೊಂಡು, ಅಮ್ಮನ ತಲೆಯ ಬಳಿ ನಿಂತು ಎರಡೂ ಕೈಯಲ್ಲಿ ಅದನ್ನು ಅಡ್ಡ ಹಿಡಿದಳು. ತೋಳು ನೋಯುತ್ತದೆ, ನಾನು ಹಿಡಿಯುತ್ತೇನೆ ಎಂದು ಸನ್ನೆ ಮಾಡಿದೆ. ತಲೆಯಾಡಿಸಿದಳು. ಬಿಸಿಲು ಸರಿದಂತೆ ಅವಳೂ ಅರ್ಧ ಹೆಜ್ಜೆ, ಅರ್ಧ ಹೆಜ್ಜೆ ಸರಿಯುತ್ತ ಹೋದಳು.

"ನನ್ನ ಮದುವೆಯಾದಾಗ ನನ್ನ ಅತ್ತೆ ನನ್ನ ಕೂರೋಕೂ ಬಿಡ್ತಿರಲಿಲ್ಲ," ಎಂದಳು ಅಮ್ಮ, ಯಾರಿಗೂ ಅಲ್ಲದಂತೆ, ಮೆಲ್ಲಗೆ. "ಇವಳು ಬಂದಾಗ ನಾನೂ ಬಿಡಲಿಲ್ಲ. ಯಾಕೋ."

ಅಣ್ಣ ಅವಳತ್ತ ನೋಡಿದ. ಅಮ್ಮ ಮತ್ತೆ ಮಣಿ ಹಿಡಿದಳು.

ಟೆಂಚಾ ಎದ್ದಾಗ ಬಿಸಿಲು ಕಣಿವೆಯಿಂದ ಹೊರಟು ಗೋಡೆಗಳ ನೆತ್ತಿಯ ಮೇಲಷ್ಟೇ ಉಳಿದಿತ್ತು. ಮೊದಲು ಕಣ್ಣು ಬಿಟ್ಟು ಸುಮ್ಮನೆ ಮೇಲೆ ನೋಡಿದಳು. ಮಗಳ ಕೈಯಲ್ಲಿದ್ದ ಕರಿಯ ಶಾಲು, ಅದರಾಚೆ ಬಂಡೆ, ಅದರಾಚೆ ಆಕಾಶ. ಆಮೇಲೆ ಎದ್ದು ಕೂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಎಷ್ಟು ಹೊತ್ತಾಯ್ತು?"

"ಸ್ವಲ್ಪ ಹೊತ್ತು," ಎಂದ ಅಣ್ಣ.

"ನಾಲ್ಕು ಗಂಟೆ ಹೊತ್ತು," ಎಂದಳು ಪಿಲಿ. "ನಾನು ಕಲ್ಲು ನೀರಿಗೆ ಹಾಕಿಬಿಟ್ಟೆ. ಬಯ್ಯಬೇಡ."

ಟೆಂಚಾ ಕೊಳದ ಕಡೆ ತಿರುಗಿದಳು. ನೀರು ಕಪ್ಪಾಗಿತ್ತು, ತಳ ಕಾಣುತ್ತಿರಲಿಲ್ಲ. "ಅಲ್ಲೇ ಇರಲಿ ಬಿಡು," ಎಂದಳು. ಆಮೇಲೆ, "ಅಮ್ಮ ಬಂದಿದ್ಳು" ಎಂದಳು.

ಕನಸನ್ನು ಅವಳೇ ಹೇಳಿದಳು. ಹಿತ್ತಲಲ್ಲಿ ತಂತಿಯ ಮೇಲಿಂದ ದೊಡ್ಡ ಹೊದಿಕೆಯೊಂದನ್ನು ತೆಗೆದಿದ್ದಳಂತೆ, ಒಬ್ಬಳಿಗೇ ಮಡಿಸಲು ಆಗದಷ್ಟು ದೊಡ್ಡದು. ಆ ತುದಿಯನ್ನು ಅವಳ ತಾಯಿ ಹಿಡಿದಿದ್ದರಂತೆ. "ಇಬ್ಬರೂ ಜಾಡಿಸಿದ್ವಿ. ಅವಳು ತುದಿ ತಗೊಂಡು ನನ್ನ ಹತ್ರ ಬಂದು ನನ್ನ ಕೈಗೆ ಕೊಟ್ಳು, ಮಡಿಕೆ ಹಿಡ್ಕೊಂಡು ಹಿಂದೆ ಹೋದ್ಳು. ಮತ್ತೆ ಬಂದ್ಳು. ಮತ್ತೆ ಹೋದ್ಳು. ಪ್ರತಿಸಲ ಬಂದಾಗ್ಲೂ ಬೆರಳು ತಾಗ್ತಿತ್ತು. ಬೆಚ್ಚಗಿತ್ತು. ಹೊದಿಕೆ ಚಿಕ್ಕದಾಗ್ತಾ ಹೋಯ್ತು. ಕೊನೇಗೆ ಪೂರ್ತಿ ಮಡಿಸಿದ್ದು ನನ್ನ ಕೈಲೇ ಉಳೀತು."

ಹೇಳಿ ಮುಗಿಸುವಾಗ ಅವಳ ಕೆನ್ನೆ ಒದ್ದೆಯಾಗಿತ್ತು. ತಡೆಯಲು ನೋಡಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಮಳೆ ಬರುವ ಹಾಗೆ ಅತ್ತಳು. ಬರುವಷ್ಟು ಬಂತು, ಆಮೇಲೆ ನಿಂತಿತು. ಅಣ್ಣ ಅವಳ ಪಕ್ಕ ಕೂತು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ. ನನ್ನ ಅಮ್ಮ ಕಷ್ಟಪಟ್ಟು ಬಗ್ಗಿ, ಸೊಸೆಯ ಚಪ್ಪಲಿಗಳನ್ನು ಎತ್ತಿ, ಧೂಳು ಒರೆಸಿ, ಅವಳ ಕಾಲ ಮುಂದೆ ಇಟ್ಟಳು.

"ಅತ್ತೆ, ನೀವ್ಯಾಕೆ..." ಎಂದಳು ಟೆಂಚಾ.

"ಸುಮ್ಮನೆ ಹಾಕ್ಕೋ. ಕತ್ತಲಾಗ್ತಿದೆ."

"ನಾನು ಬಾಯಿ ತೆಗೆದಿದ್ನಾ?" ಎಂದು ಅವಳು ನನ್ನನ್ನು ಕೇಳಿದಳು.

"ಗುಬ್ಬಿ ಗೂಡು ಕಟ್ಟಬಹುದಿತ್ತು, ಅತ್ತಿಗೆ," ಎಂದೆ.

ಅವಳು ನಕ್ಕಳು. ನಗು ಗೋಡೆಗೆ ತಾಗಿ ತಿರುಗಿ ಬಂತು.

ವಾಪಸು ಬರುವಾಗ ಹಳ್ಳದ ಬೆಣಚುಗಲ್ಲು ತಾನೇ ಬೆಳಗುತ್ತಿರುವಂತೆ ಬೆಳ್ಳಗಿತ್ತು. ಬಂಡೆಗಳು ಹಗಲೆಲ್ಲ ಕುಡಿದ ಶಾಖವನ್ನು ಮೆಲ್ಲಗೆ ನಮ್ಮ ಮೇಲೆ ಬಿಡುತ್ತಿದ್ದವು. ಅಣ್ಣ ಅಮ್ಮನನ್ನು ಬೆನ್ನ ಮೇಲೆ ಹೊತ್ತುಕೊಂಡ. ಅವಳು ಒಪ್ಪಲಿಲ್ಲ, ಆಮೇಲೆ ಒಪ್ಪಿದಳು, ಆಮೇಲೆ ದಾರಿಯುದ್ದ ಅವನು ಎಲ್ಲಿ ಕಾಲಿಡಬೇಕೆಂದು ಹೇಳುತ್ತ ಬಂದಳು. ನೆರೈದಾ ಖಾಲಿ ಡಬ್ಬ ಹಿಡಿದಿದ್ದಳು. ಟೆಂಚಾ ಎಲ್ಲರಿಗಿಂತ ಮುಂದೆ ಇದ್ದಳು.

ಗಾಡಿ ನಿಲ್ಲಿಸುವ ಬಯಲಿನಲ್ಲಿ ನಮ್ಮದೊಂದೇ ಗಾಡಿ. ಅದರ ಪಕ್ಕದಲ್ಲಿ ರೇಂಜರ್ ಕ್ರೌಸ್ ತನ್ನ ಜೀಪಿಗೆ ಒರಗಿ, ಕೈಯಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಹುಡುಕಲು ಹೊರಡುವವಳಿದ್ದಳಂತೆ. ಅಣ್ಣ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಪಿಲಿ, "ಅಮ್ಮ ನಿದ್ದೆ ಮಾಡ್ತಿದ್ಳು" ಎಂದಳು.

ಕ್ರೌಸ್ ಟೆಂಚಾಳ ಮುಖದ ಮೇಲೆ ಟಾರ್ಚ್ ಹಾಯಿಸಿ, ಕೂಡಲೇ ತಗ್ಗಿಸಿದಳು. "ಎಲ್ಲಿ?"

"ಕೊಳದ ಹತ್ರ," ಎಂದಳು ಟೆಂಚಾ.

"ಅಲ್ಲಿ ನಾನೂ ಮಲಗಿದ್ದೀನಿ. ಯಾರಿಗೂ ಹೇಳಬೇಡಿ." ಬಾಗಿಲು ತೆಗೆಯಲು ಅವಳು ಮುಂದೆ ಹೋದಳು. ನಾವು ಗಾಡಿಯ ಬೆಳಕಿನಲ್ಲಿ ನಿಂತು ಉಳಿದ ಬುತ್ತಿಯನ್ನು ಬಿಚ್ಚಿದೆವು. ಟೆಂಚಾ ತನ್ನದನ್ನು ತಿಂದು, ಅಣ್ಣ ಬಿಟ್ಟಿದ್ದ ಅರ್ಧವನ್ನೂ ತಿಂದು, ಅಮ್ಮನ ಸಿಹಿಯ ತುಂಡನ್ನೂ ಬಿಡಲಿಲ್ಲ.

ಆ ಒಂದು ದಿನದಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆಮೇಲೂ ಎಷ್ಟೋ ಸಲ ಅವಳಿಗೆ ನಿದ್ದೆ ಬಾರದ್ದುಂಟು. ಆದರೆ ನಡುನಡುವೆ ಪೂರ್ತಿ ನಿದ್ದೆ ಬರತೊಡಗಿತು, ಅದರ ಗುರುತು ಮುಖದಲ್ಲಿ ಕಾಣುತ್ತಿತ್ತು. ಶನಿವಾರ ಹೊಸ ಪಂಪು ಬಂತು, ಅವಳು ಕೆಲಸಕ್ಕೆ ಹೋದಳು. ಅದೇ ಸಂಜೆ ಟೀಗ್ ಹತ್ತಿರ ಹೋಗಿ, ಈಸ್ಟರ್ ವಾರ ಪೂರ್ತಿ ತನಗೆ ರಜೆ ಬೇಕೆಂದಳು. ಹೆರಿಗೆ, ಸಾವು ಬಿಟ್ಟರೆ ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ ಅದು.

"ಈಸ್ಟರ್ ವಾರದಲ್ಲಾ?" ಎಂದನಂತೆ ಅವನು. "ಕೋಣೆಗಳೆಲ್ಲ ತುಂಬಿರುತ್ತೆ. ಯಾರು ಒಗೀತಾರೆ?"

"ನೀವೇ ಯೋಚನೆ ಮಾಡಿ. ಮೂರು ವಾರ ಸಮಯ ಇದೆ."

ಅವನು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ ಪಕ್ಕದ ಊರಿನಿಂದ ಒಬ್ಬಳನ್ನು ಗೊತ್ತು ಮಾಡಿದ.

ಟೆಂಚಾ ನದಿ ದಾಟಿ ತಾಯಿಯ ಮನೆಗೆ ಹೋಗಿ, ಜನವರಿಯಿಂದ ಮುಚ್ಚಿದ್ದ ಬಾಗಿಲು ತೆಗೆದು, ಗೋಡೆಗೆ ಸುಣ್ಣ ಬಳಿದು, ಗೋರಿಗೆ ಶಿಲುಬೆ ನೆಟ್ಟು ಬರಬೇಕೆಂದಿದ್ದಳು. ಒಬ್ಬಳೇ ಹೋಗುವವಳಿದ್ದಳು. ಹೊರಡುವ ದಿನ ಬೆಳಿಗ್ಗೆ ನೆರೈದಾ ತನ್ನ ಚೀಲವನ್ನೂ ತಂದು ಗಾಡಿಗೆ ಹಾಕಿದಳು.

"ಅಲ್ಲಿ ಏನಿದೆ ಅಂತ ಬರ್ತೀಯ?" ಎಂದಳು ಟೆಂಚಾ. "ಫೋನೂ ಸಿಗಲ್ಲ."

"ಸುಣ್ಣ ಬಳಿಯೋಕೆ ಒಬ್ಬರು ಏಣಿ ಹಿಡ್ಕೋಬೇಕಲ್ಲ," ಎಂದು ನೆರೈದಾ ಕಿಟಕಿಯ ಪಕ್ಕದ ಜಾಗ ಹಿಡಿದು ಕೂತಳು.